ಆ ಅಂಕಿ ಯಾರಿಗೆ ಬರೆದ ಕಾಗದ?

ಪ್ರಶ್ನೆ: ಸರ್, ನಾನು ಸಕಲೇಶಪುರದ ಹತ್ತಿರದ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಅಭ್ಯರ್ಥಿಗಳ ಆಸ್ತಿ ಅಫಿಡವಿಟ್ ಪಾಠ ಮಾಡುವಾಗ, ರಷ್ಯಾದಲ್ಲೂ ಅಧ್ಯಕ್ಷರಿಂದ ಹಿಡಿದು ನಗರಸಭೆಯ ಸದಸ್ಯರವರೆಗೆ ವರ್ಷ ವರ್ಷ ಆದಾಯ ಘೋಷಣೆ ಮಾಡುತ್ತಿದ್ದರು ಎಂದು ಹೇಳಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಅಲ್ಲಿ ಕೇಳೋರೇ ಇಲ್ಲ ಅಂದ್ಮೇಲೆ ಯಾಕೆ ಮೇಡಂ ಹೇಳ್ತಾರೆ? ಸುಳ್ಳು ಹೇಳೋದಾದ್ರೆ ಹೇಳದೇನೇ ಇರಬಹುದಲ್ವಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಮ್ಮ ಅಫಿಡವಿಟ್ಟನ್ನೂ ಜನ ನಂಬುವುದು ಅಷ್ಟಕ್ಕಷ್ಟೇ. ಹಾಗಿದ್ದರೆ ಅದಕ್ಕೂ ಇದಕ್ಕೂ ವ್ಯತ್ಯಾಸವಾದರೂ ಏನು?

ಉತ್ತರ: ಮೇಡಂ, ಆ ಹುಡುಗಿಯ ಮಾತನ್ನು ನಾಲ್ಕು ದಿನ ತಲೆಯಲ್ಲಿಟ್ಟುಕೊಂಡು ತಿರುಗಿದೆ. "ಕೇಳೋರೇ ಇಲ್ಲ" ಅಂದಳಲ್ಲ, ಗಂಟು ಇರುವುದು ಅಲ್ಲೇ. ಕೇಳುವವರು ಇದ್ದಾರೆ. ಅವರು ಇರುವುದು ಮೇಲೆ. ಪ್ರಜೆಗಳ ಹೆಸರಿಗೆ ಬರೆದಂತೆ ಕಾಣುವ ಆ ಘೋಷಣೆ ಒಡೆಯನ ಕೈ ಸೇರುವ ಕಾಗದ. ಒಡೆಯ ಅದನ್ನು ಓದುವ ರೀತಿಯೂ ನಾವು ಓದುವ ರೀತಿಯೂ ಬೇರೆ ಬೇರೆ. ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಇದರೊಳಗೇ ಇದೆ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರಷ್ಯಾದಲ್ಲಿ ಈ ಪದ್ಧತಿ ಬಂದದ್ದು ಮೆಡ್ವೆಡೆವ್ ಅಧ್ಯಕ್ಷರಾಗಿದ್ದಾಗ. 2008ರ ಡಿಸೆಂಬರ್‌ನಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆ ಆಯಿತು. 2009ರ ಏಪ್ರಿಲ್‌ನಲ್ಲಿ ಅವರೂ, ಆಗ ಪ್ರಧಾನಿಯಾಗಿದ್ದ ಪುಟಿನ್ ಅವರೂ ಹಿಂದಿನ ವರ್ಷದ ಆದಾಯವನ್ನು ಪ್ರಕಟಿಸಿದರು. ಆಮೇಲೆ ಪ್ರತಿ ವರ್ಷ ಮಂತ್ರಿಗಳು, ಸಂಸದರು, ಗವರ್ನರ್‌ಗಳು, ಅಧಿಕಾರಿಗಳು ತಮ್ಮ, ಹೆಂಡತಿ ಅಥವಾ ಗಂಡನ, ಅಪ್ರಾಪ್ತ ಮಕ್ಕಳ ಆದಾಯ, ಮನೆ, ಜಮೀನು, ವಾಹನಗಳ ಪಟ್ಟಿ ಕೊಡುತ್ತಾ ಬಂದರು. 2012ರ ಕೊನೆಗೆ ಇನ್ನೊಂದು ಕಾಯ್ದೆ ಸೇರಿತು: ಗಂಡ ಹೆಂಡತಿಯ ಮೂರು ವರ್ಷದ ಒಟ್ಟು ಆದಾಯ ಮೀರಿದ ಖರೀದಿ ಮಾಡಿದರೆ ದುಡ್ಡು ಎಲ್ಲಿಂದ ಬಂತೆಂದು ಹೇಳಬೇಕು. ಕಾಗದದ ಮೇಲೆ ನೋಡಿದರೆ ಇವು ಕೆಟ್ಟ ಕಾನೂನುಗಳೇನಲ್ಲ. ಆ ಎರಡನೆಯ ನಿಯಮ ನಮ್ಮಲ್ಲಿ ಇದ್ದಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈಗ ಪುಟಿನ್ ಅವರ ಘೋಷಣೆಯನ್ನೇ ತೆಗೆದುಕೊಳ್ಳಿ. ವರ್ಷಗಟ್ಟಲೆ ಅದರಲ್ಲಿ ಇದ್ದದ್ದು ಹೆಚ್ಚುಕಡಿಮೆ ಇಷ್ಟೇ: 77 ಚದರ ಮೀಟರಿನ ಒಂದು ಫ್ಲ್ಯಾಟು, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 830 ಚದರ ಅಡಿ, ಹಾಸನದ ಯಾವುದೋ ಬಡಾವಣೆಯ ಎರಡು ಕೋಣೆಯ ಮನೆಯಷ್ಟು, 18 ಚದರ ಮೀಟರಿನ ಗ್ಯಾರೇಜು, ಸೋವಿಯತ್ ಕಾಲದ ಎರಡು ವೋಲ್ಗಾ ಕಾರು, ಒಂದು ನೀವಾ ಜೀಪು, ಅದರ ಹಿಂದೆ ಕಟ್ಟಿಕೊಂಡು ಹೋಗುವ ಒಂದು ಟ್ರೈಲರು. 2021ರ ಆದಾಯ ಸುಮಾರು 1.02 ಕೋಟಿ ರೂಬಲ್.

ಈ ಪಟ್ಟಿ ಎರಡು ಕಡೆಗೆ ಎರಡು ಮಾತು ಹೇಳುತ್ತದೆ. ಸಾಮಾನ್ಯ ಜನರಿಗೆ ಕಾಣುವುದು ವೋಲ್ಗಾ. ಅವರ ಅಪ್ಪಂದಿರ ಕಾಲದಲ್ಲಿ ಅದು ಮನೆಮನೆಯ ಕನಸಿನ ಕಾರು. ನಮ್ಮಲ್ಲಿ ಒಂದು ಕಾಲಕ್ಕೆ ಅಂಬಾಸಿಡರ್ ಇತ್ತಲ್ಲ, ಹಾಗೆ. "ನಾನೂ ನಿಮ್ಮವನೇ" ಎಂಬ ಮಾತು ಅದು. ಆಳುವ ವರ್ಗದವರು ಓದುವುದು ಬೇರೆಯದನ್ನು. ಅವರಲ್ಲಿ ಎಷ್ಟು ಜನ ಆ ಪಟ್ಟಿಯನ್ನು ನಂಬುತ್ತಾರೆ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಈ ಅಂಕಿಯ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಬರೆಯುವ ಧೈರ್ಯ ಯಾವ ದೊಡ್ಡ ಪತ್ರಿಕೆಗೂ, ಯಾವ ನ್ಯಾಯಾಲಯಕ್ಕೂ ಇಲ್ಲ ಎಂಬುದನ್ನು ಅವರು ನೋಡುತ್ತಾರೆ. ಬರೆಯಲು ಹೊರಟವರ ಗತಿಯೂ ಅವರಿಗೆ ಗೊತ್ತು. ಮೆಡ್ವೆಡೆವ್ ಅವರದ್ದೆನ್ನಲಾದ ಬಂಗಲೆ, ದ್ರಾಕ್ಷಿ ತೋಟಗಳ ಬಗ್ಗೆ 2017ರ ಮಾರ್ಚ್‌ನಲ್ಲಿ ವಿರೋಧಿ ನಾಯಕ ಅಲೆಕ್ಸಿ ನವಾಲ್ನಿ ದಾಖಲೆ ಹೊರಹಾಕಿದರು, ಅದೇ ತಿಂಗಳು ಹತ್ತಾರು ಊರುಗಳಲ್ಲಿ ಜನ ಬೀದಿಗಿಳಿದರು. ನವಾಲ್ನಿ 2024ರ ಫೆಬ್ರುವರಿಯಲ್ಲಿ ಉತ್ತರ ಧ್ರುವ ವೃತ್ತದ ಆಚೆಯ ಜೈಲಿನಲ್ಲಿ ಸತ್ತರು. ಆ ಚಿಕ್ಕ ಫ್ಲ್ಯಾಟು ದೊಡ್ಡ ಅಧಿಕಾರದ ಗುರುತಾಗುವುದು ಹೀಗೆ.

ನಮ್ಮ ಕಡೆಯವರಿಗೆ ಇದನ್ನು ಕಾಫಿ ಮಾರುವ ಲೆಕ್ಕದಲ್ಲಿ ಹೇಳಿದರೆ ಬೇಗ ಹಿಡಿಸುತ್ತದೆ. ರೋಬಸ್ಟಾ ಚೆರಿಯ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣಿನ, 50 ಕೆಜಿ ಮೂಟೆಯನ್ನು ವ್ಯಾಪಾರಿಯ ಮುಂದೆ ಇಟ್ಟರೆ ಅವನು ತೂಕಕ್ಕೆ ದುಡ್ಡು ಕೊಡುವುದಿಲ್ಲ. ಮೂಟೆಗೆ ಚುಚ್ಚಿ ಒಂದು ಹಿಡಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜವನ್ನಷ್ಟೇ ತೂಗಿ, 50 ಕೆಜಿಗೆ ಎಷ್ಟು ಬೀಜ ಬೀಳುತ್ತದೆಂದು ನೋಡುತ್ತಾನೆ. "ಓಟಿ ಎಷ್ಟು ಬಂತು?" ಎಂದು ಬೆಳೆಗಾರರು ಒಬ್ಬರನ್ನೊಬ್ಬರು ಕೇಳುವುದು ಅದನ್ನೇ. ಇಪ್ಪತ್ತಾರೋ ಇಪ್ಪತ್ತೇಳೋ, ಅದರ ಮೇಲೆ ದರ. ಮೂಟೆಯ ಮೇಲೆ ಏನು ಬರೆದಿದೆ ಎಂಬುದು ಮುಖ್ಯವಲ್ಲ, ಚುಚ್ಚಿ ನೋಡುವ ಹಕ್ಕು ಯಾರಿಗಿದೆ ಎಂಬುದು ಮುಖ್ಯ. ನಿರಂಕುಶ ಆಡಳಿತದಲ್ಲೂ ಮೂಟೆ ಬಜಾರಿಗೆ ಬರುತ್ತದೆ, ಎಲ್ಲರಿಗೂ ಕಾಣುವಂತೆ ಬರುತ್ತದೆ. ಚುಚ್ಚುವ ಅಧಿಕಾರ ಮಾತ್ರ ಒಬ್ಬನದೇ.

ಇನ್ನು "ಸುಳ್ಳು ಹೇಳೋದಾದ್ರೆ ಹೇಳದೇನೇ ಇರಬಹುದಲ್ವಾ" ಎಂಬ ಮಾತಿಗೆ ಬರೋಣ. ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ನಾನು ಪಾಠ ಮಾಡಿದ ಮೂವತ್ತು ವರ್ಷದಲ್ಲಿ ಇಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ. ಉತ್ತರ ಹೀಗಿದೆ: ಬಾಯಲ್ಲಿ ಹೇಳಿದ ಸುಳ್ಳು ಗಾಳಿಯಲ್ಲಿ ಹೋಗುತ್ತದೆ, ಸಹಿ ಹಾಕಿ ಕೊಟ್ಟ ಸುಳ್ಳು ಕಡತದಲ್ಲಿ ಉಳಿಯುತ್ತದೆ. ಮಂತ್ರಿಯೋ ಮೇಯರೋ ಕಡಿಮೆ ತೋರಿಸಿ ಸಹಿ ಹಾಕಿದ ದಿನ, ತನ್ನ ಜುಟ್ಟನ್ನು ತಾನೇ ಮೇಲಿನವರ ಕೈಗೆ ಕೊಟ್ಟ ಹಾಗೆ. ಅವನು ನಿಷ್ಠೆಯಿಂದ ಇರುವಷ್ಟು ದಿನ ಆ ಕಡತ ಕಪಾಟಿನಲ್ಲೇ ಇರುತ್ತದೆ. ಮಾತು ಕೇಳದ ದಿನ ಹೊರಗೆ ಬರುತ್ತದೆ. ಹಾಗಾಗಿ ಎಲ್ಲರೂ ನಿಜ ಹೇಳಬೇಕೆಂಬ ಆತುರ ಆಳುವವನಿಗೆ ಇಲ್ಲ. ಎಲ್ಲರೂ ಸಹಿ ಹಾಕಬೇಕು, ಅಷ್ಟೇ. ಪ್ರಾಮಾಣಿಕನಾಗಿ ಬರೆದುಕೊಟ್ಟವನನ್ನು ಈ ಹಗ್ಗದಿಂದ ಕಟ್ಟುವುದಕ್ಕೆ ಆಗುವುದಿಲ್ಲ. ಅಂಥವನು ಅಂಥ ವ್ಯವಸ್ಥೆಯಲ್ಲಿ ಬಹಳ ದಿನ ನೆಮ್ಮದಿಯಾಗಿ ಇರಲಾರ ಎಂಬುದು ನನ್ನ ತಿಳುವಳಿಕೆ. ತನ್ನ ನಿಜದಿಂದ ಅವನು ಉಳಿದವರ ಅಂಕಿಗಳ ಮೇಲೆಲ್ಲ ಅನುಮಾನ ಹುಟ್ಟಿಸಿಬಿಟ್ಟಿರುತ್ತಾನೆ.

ರಷ್ಯಾದ ಕಾನೂನಿನಲ್ಲಿ ಇದಕ್ಕೊಂದು ಪದವೇ ಇದೆ. ತಪ್ಪು ಘೋಷಣೆ ಕೊಟ್ಟ ಅಧಿಕಾರಿಯನ್ನು ತೆಗೆದುಹಾಕುವಾಗ "ವಿಶ್ವಾಸ ಕಳೆದುಕೊಂಡ ಕಾರಣ" ಎಂದು ಆದೇಶದಲ್ಲಿ ಬರೆಯುತ್ತಾರೆ. 2018ರಿಂದ ಹೀಗೆ ತೆಗೆದವರ ಹೆಸರುಗಳ ಒಂದು ಸಾರ್ವಜನಿಕ ಪಟ್ಟಿಯೂ ಇದೆ. ಯಾರ ವಿಶ್ವಾಸ? ಗವರ್ನರ್ ಆಗಿದ್ದರೆ ಅಧ್ಯಕ್ಷರದ್ದು. 2010ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದ ಮೇಯರ್ ಯೂರಿ ಲುಷ್ಕೋವ್ ಅವರನ್ನು ತೆಗೆದದ್ದು ಇದೇ ಪದ ಬಳಸಿ, ಅವರು 18 ವರ್ಷ ಆ ಹುದ್ದೆಯಲ್ಲಿದ್ದ ಮೇಲೆ. ಅವರ ಪತ್ನಿ ಕಟ್ಟಡ ನಿರ್ಮಾಣ ವ್ಯವಹಾರದಲ್ಲಿ ದೇಶದ ಅತಿ ಶ್ರೀಮಂತ ಮಹಿಳೆ ಎಂಬುದು ವರ್ಷಗಳಿಂದ ಎಲ್ಲರಿಗೂ ಗೊತ್ತಿದ್ದ ವಿಷಯ. ಗೊತ್ತಿದ್ದದ್ದು ತಪ್ಪಾಗಿ ಕಂಡದ್ದು ಅಧ್ಯಕ್ಷರ ಜೊತೆ ಮನಸ್ತಾಪ ಬಂದಾಗ.

ಕೆಳಗಿನವರ ಅಂಕಿಗಳಲ್ಲೂ ಸನ್ನೆಗಳಿವೆ. ರಷ್ಯಾದ ಪ್ರಾಂತೀಯ ಸಭೆಗಳಲ್ಲಿ ಕಾರ್ಖಾನೆ, ಗಣಿ, ಅಂಗಡಿ ಸಾಲುಗಳ ಮಾಲೀಕರು ಬಹಳ. ಅವರಲ್ಲಿ ಕೆಲವರು ಕೋಟಿಗಟ್ಟಲೆ ಆದಾಯವನ್ನು ರಾಜಾರೋಷವಾಗಿ ಘೋಷಿಸುತ್ತಿದ್ದರು. ಯಾಕೆ ಮುಚ್ಚಿಡಲಿಲ್ಲ? ಮತದಾರನಿಗೆ ಅದು "ನನ್ನ ಹೊಟ್ಟೆ ತುಂಬಿದೆ, ನಿಮ್ಮದಕ್ಕೆ ಕೈ ಹಾಕಬೇಕಾಗಿಲ್ಲ" ಎಂಬ ಮಾತು. ಈ ಮಾತು ನಮ್ಮ ಜಿಲ್ಲೆಗಳ ಚುನಾವಣಾ ಸಭೆಗಳಲ್ಲೂ ಕೇಳಿದ್ದೇವೆ. ಮೇಲಿನವರಿಗೆ ಅದು ಇನ್ನೂ ಮುಖ್ಯವಾದ ಒಂದನ್ನು ಹೇಳುತ್ತದೆ: "ನನ್ನ ಆಸ್ತಿಯೆಲ್ಲ ಇಲ್ಲೇ, ನಿಮ್ಮ ಕಣ್ಣ ಮುಂದೆ, ನಿಮ್ಮ ಪೊಲೀಸರ ಕೈಗೆಟಕುವಲ್ಲಿ ಇದೆ. ನಾನು ಎಲ್ಲಿಗೂ ಓಡಿಹೋಗುವವನಲ್ಲ." ತೆರೆದಿಟ್ಟ ಆಸ್ತಿ ಒಂದು ಬಗೆಯ ಒತ್ತೆ. ಸಂಬಳದ ಅಧಿಕಾರಿಯ ಕಥೆ ಇದಕ್ಕೆ ತಿರುಗುಮುರುಗು. ಅವನಿಗೆ ತೋರಿಸಲು ನ್ಯಾಯವಾದ ವ್ಯಾಪಾರವಿಲ್ಲ. ಹಾಗಾಗಿ ಗಂಡ ಬಡವ, ಹೆಂಡತಿ ಶ್ರೀಮಂತೆ ಎಂಬ ಘೋಷಣೆಗಳು ಅಲ್ಲಿ ಮಾಮೂಲಾದವು. ಹೆಂಡತಿಯದ್ದನ್ನೂ ಹೇಳಲೇಬೇಕಾದಾಗ ಆಸ್ತಿ ಅಣ್ಣತಮ್ಮಂದಿರು, ಅಕ್ಕತಂಗಿಯರ ಹೆಸರಿಗೆ ಸರಿಯಿತು, ಅವರು ಘೋಷಿಸಬೇಕಾಗಿಲ್ಲವಲ್ಲ. 2016ರಲ್ಲಿ ಡಿಮಿತ್ರಿ ಝಖರ್ಚೆಂಕೊ ಎಂಬ ಪೊಲೀಸ್ ಕರ್ನಲ್ಲರ ಸಂಬಂಧಿಯೊಬ್ಬರ ಫ್ಲ್ಯಾಟಿನಲ್ಲಿ ಸುಮಾರು 12 ಕೋಟಿ ಡಾಲರ್ ನಗದು ಸಿಕ್ಕಿತು. ಆ ಕರ್ನಲ್ ಇದ್ದದ್ದು ಭ್ರಷ್ಟಾಚಾರ ನಿಗ್ರಹ ವಿಭಾಗದಲ್ಲಿ.

ಸನ್ನೆ ಎನ್ನುವ ಪದ ಬಳಸಿದೆ. ಅದರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋದರೆ ನಿಮ್ಮ ವಿದ್ಯಾರ್ಥಿಗಳಿಗೆ ಅರ್ಧ ಮಾತ್ರ ಸಿಕ್ಕಂತಾಗುತ್ತದೆ. 1973ರಲ್ಲಿ ಮೈಕೆಲ್ ಸ್ಪೆನ್ಸ್ ಎಂಬ ಅರ್ಥಶಾಸ್ತ್ರಜ್ಞ, ಕೆಲಸಕ್ಕೆ ಅರ್ಜಿ ಹಾಕುವವರು ತಮ್ಮ ಯೋಗ್ಯತೆಯನ್ನು ಹೇಗೆ ನಂಬಿಸುತ್ತಾರೆ ಎಂದು ವಿವರಿಸಿದರು. ಮುಂದೆ 2001ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ವಾದದ ತಿರುಳು ಇದು: ಎಲ್ಲರೂ ಸುಲಭವಾಗಿ ಮಾಡಬಹುದಾದ ಸನ್ನೆಗೆ ಬೆಲೆಯಿಲ್ಲ. ಸುಳ್ಳನಿಗೆ ದುಬಾರಿಯಾಗುವ ಸನ್ನೆಯನ್ನು ಮಾತ್ರ ನಂಬಬಹುದು. ಇದನ್ನು ಅರ್ಥ ಮಾಡಿಸಲು ನಾನು ಮಕ್ಕಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗುತ್ತಿದ್ದೆ. ಹೊಯ್ಸಳೇಶ್ವರ ದೇವಸ್ಥಾನದ ಮಗ್ಗುಲಲ್ಲಿ ಒಂದು ಗರುಡಗಂಬ ಇದೆಯಲ್ಲ, ಪ್ರವಾಸಿಗರು ಅದನ್ನು ನೋಡದೇ ದಾಟಿ ಹೋಗುತ್ತಾರೆ. ಕತ್ತಿ ಹಿಡಿದು ತಮ್ಮ ತಲೆಯನ್ನೇ ಅರಿದುಕೊಳ್ಳುವ ವೀರರನ್ನು ಅದರ ಮೇಲೆ ಕೆತ್ತಿದ್ದಾರೆ. ಇಮ್ಮಡಿ ವೀರಬಲ್ಲಾಳನ ಆಪ್ತ ಕುವರ ಲಕ್ಷ್ಮನೂ ಅವನ ಸಂಗಡಿಗರೂ ದೊರೆಯ ಹಿಂದೆಯೇ ಪ್ರಾಣ ಕೊಟ್ಟದ್ದರ ನೆನಪು ಅದು. ಗರುಡರೆಂದರೆ ಒಡೆಯನ ಜೊತೆ ಬದುಕಿ ಒಡೆಯನ ಜೊತೆ ಸಾಯುತ್ತೇವೆಂದು ಭಾಷೆ ಕೊಟ್ಟವರು. "ನಿಮಗಾಗಿ ಪ್ರಾಣ ಕೊಡುತ್ತೇನೆ" ಎಂದು ಆಸ್ಥಾನದಲ್ಲಿ ನೂರು ಜನ ಹೇಳುತ್ತಾರೆ. ಯಾರ ಮಾತು ನಿಜ ಎಂದು ದೊರೆಗೆ ತಿಳಿಯುವುದು ಹೇಗೆ? ಆ ಕಷ್ಟಕ್ಕೆ ಆ ಕಾಲ ಕಂಡುಕೊಂಡ ಭಯಂಕರವಾದ ಉತ್ತರ ಆ ಕಂಬ. ಮಕ್ಕಳು ಅದರ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದರು.

ಇವತ್ತಿನ ನಿರಂಕುಶ ಪ್ರಭುವಿಗೂ ಅದೇ ಕಷ್ಟ. ಸುತ್ತ ಇರುವವರೆಲ್ಲ ಹೊಗಳುತ್ತಾರೆ, ಯಾರನ್ನು ನಂಬಬೇಕು? 2013ರ ಮೇ ತಿಂಗಳಲ್ಲಿ ರಷ್ಯಾ ಒಂದು ಕಾಯ್ದೆ ಮಾಡಿತು: ಅಧಿಕಾರಿಗಳು, ಸಂಸದರು, ಅವರ ಗಂಡ ಅಥವಾ ಹೆಂಡತಿ ವಿದೇಶಿ ಬ್ಯಾಂಕುಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ, ಮೂರು ತಿಂಗಳೊಳಗೆ ಮುಚ್ಚಬೇಕು. ಆದಾಯ ಘೋಷಣೆಗೆ ಇದು ಸೇರಿದಾಗ ಅದರ ರೂಪವೇ ಬದಲಾಯಿತು. ಸ್ವಿಟ್ಜರ್ಲೆಂಡಿನಲ್ಲಿಟ್ಟ ದುಡ್ಡು ಅಂದರೆ ನಾಳೆ ಒಡೆಯ ಮುನಿದರೆ ಹಾರಿಹೋಗಲು ಇಟ್ಟುಕೊಂಡ ರೆಕ್ಕೆ. ಅದನ್ನು ತಾನೇ ಕತ್ತರಿಸಿಕೊಂಡು ಬಾ ಎಂದು ಕೇಳಿದ್ದು ಆ ಕಾಯ್ದೆ. ಕೆಲವರು ಕತ್ತರಿಸಿಕೊಂಡರು, ಕೆಲವರು ಹುದ್ದೆ ಬಿಟ್ಟು ರೆಕ್ಕೆ ಉಳಿಸಿಕೊಂಡರು. ಯಾರು ಯಾವ ಕಡೆ ಎಂಬುದು ಒಂದೇ ಬೇಸಿಗೆಯಲ್ಲಿ ಗೊತ್ತಾಗಿಹೋಯಿತು. ಆ ವರ್ಷವೇ ಫೆಬ್ರುವರಿಯಲ್ಲಿ, ಸಂಸತ್ತಿನ ನೀತಿ ಸಮಿತಿಯ ಅಧ್ಯಕ್ಷರಾಗಿದ್ದ ವ್ಲಾಡಿಮಿರ್ ಪೆಖ್ಟಿನ್ ಅವರಿಗೆ ಅಮೆರಿಕದ ಫ್ಲೋರಿಡಾದಲ್ಲಿ ಮನೆಗಳಿರುವುದು ಬಯಲಾಗಿ ರಾಜೀನಾಮೆ ಕೊಟ್ಟಿದ್ದರು. ಅದು ಹೊರಬಂದದ್ದು ಫ್ಲೋರಿಡಾದ ಆಸ್ತಿ ನೋಂದಣಿ ದಾಖಲೆಯಿಂದ. ಅಲ್ಲಿ ಯಾರು ಬೇಕಾದರೂ ಮಾಲೀಕರ ಹೆಸರು ನೋಡಬಹುದು. ಈ ಸಣ್ಣ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಆಮೇಲೆ ಯುದ್ಧ ಬಂತು. 2022ರ ಡಿಸೆಂಬರ್ 29ರಂದು ಪುಟಿನ್ ಆದೇಶವೊಂದಕ್ಕೆ ಸಹಿ ಹಾಕಿದರು: ಯುಕ್ರೇನಿನ "ವಿಶೇಷ ಸೇನಾ ಕಾರ್ಯಾಚರಣೆ" ನಡೆಯುವಷ್ಟು ಕಾಲ ಅಧಿಕಾರಿಗಳ ಆದಾಯ ವಿವರಗಳನ್ನು ಪ್ರಕಟಿಸುವಂತಿಲ್ಲ. 2023ರ ಮಾರ್ಚ್‌ನಿಂದ ಸಂಸದರ ವಿವರವೂ ಹೆಸರಿಲ್ಲದ ಒಟ್ಟು ಲೆಕ್ಕವಾಗಿ ಮಾತ್ರ ಹೊರಬರುವಂತಾಯಿತು. ಅದೇ ಮಾರ್ಚ್‌ನಿಂದ ರಷ್ಯಾದ ಆಸ್ತಿ ನೋಂದಣಿಯಲ್ಲಿ ಮಾಲೀಕರ ಹೆಸರನ್ನು, ಅವರ ಒಪ್ಪಿಗೆಯಿಲ್ಲದೆ, ಹೊರಗಿನವರು ನೋಡುವುದಕ್ಕಾಗುವುದಿಲ್ಲ. ಗಮನಿಸಬೇಕಾದದ್ದು ಏನೆಂದರೆ, ಮೇಲಿನವರಿಗೆ ಘೋಷಣೆ ಸಲ್ಲಿಸುವುದು ಆಗ ನಿಲ್ಲಲಿಲ್ಲ. ಪ್ರಕಟಣೆ ಮಾತ್ರ ನಿಂತಿತು. ಹದಿಮೂರು ವರ್ಷ ಅಂಚೆಯ ಮೇಲೆ ಜನರ ವಿಳಾಸವೂ ಇತ್ತು. ಅದನ್ನು ಅಳಿಸಿದ ಮೇಲೂ ಕಾಗದ ಹೋಗುತ್ತಲೇ ಇತ್ತು ಅಂದರೆ, ಅದು ಯಾರಿಗೆ ಬರೆದದ್ದಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಯುದ್ಧದ ಕಾರ್ಯಾಚರಣೆಯಲ್ಲಿ ಭಾಗಿಯಾದ ಅಧಿಕಾರಿಗಳಿಗೆ ಘೋಷಣೆಯಿಂದಲೇ ವಿನಾಯಿತಿ ಕೊಟ್ಟರು. ಗರುಡಗಂಬದ ಲೆಕ್ಕ ಇಲ್ಲೂ ಇದೆ: ಪ್ರಾಣವನ್ನೇ ಒತ್ತೆ ಇಟ್ಟವನ ಹತ್ತಿರ ಬ್ಯಾಂಕ್ ಖಾತೆಯ ವಿವರ ಕೇಳಬೇಕಾಗಿಲ್ಲ.

ಗಡಿಯ ಆ ಕಡೆ ಯುಕ್ರೇನಿನಲ್ಲಿ ನಡೆದದ್ದನ್ನು ಇದರ ಪಕ್ಕ ಇಟ್ಟು ನೋಡಿ. 2016ರ ಅಕ್ಟೋಬರ್‌ನಲ್ಲಿ ಅಲ್ಲಿ ಆನ್‌ಲೈನ್ ಘೋಷಣೆ ಕಡ್ಡಾಯವಾದಾಗ ರಾಜಕಾರಣಿಗಳು ಮನೆಯಲ್ಲಿಟ್ಟ ನಗದಿನ ರಾಶಿ, ದುಬಾರಿ ವಾಚು, ಚಿತ್ರಪಟಗಳನ್ನೆಲ್ಲ ಬರೆದುಕೊಟ್ಟರು. ಸಂಬಳಕ್ಕೆ ಬದುಕುವ ಜನ ದಂಗಾಗಿ ಸಿಟ್ಟಾದರು. 2022ರಲ್ಲಿ ಯುದ್ಧ ಶುರುವಾದಾಗ ಅಲ್ಲೂ ಈ ದಾಖಲೆಗಳನ್ನು ಮುಚ್ಚಿದರು. 2023ರ ಸೆಪ್ಟೆಂಬರ್‌ನಲ್ಲಿ ಸಂಸತ್ತು ಇನ್ನೂ ಒಂದು ವರ್ಷ ಮುಚ್ಚಿಡಲು ಹೊರಟಾಗ 80,000ಕ್ಕೂ ಹೆಚ್ಚು ಜನ ಮನವಿಗೆ ಸಹಿ ಹಾಕಿದರು. ಅಧ್ಯಕ್ಷ ಝೆಲೆನ್‌ಸ್ಕಿ ಆ ಮಸೂದೆಯನ್ನು ತಿರಸ್ಕರಿಸಿದರು, ಡಿಸೆಂಬರ್‌ನಲ್ಲಿ ದಾಖಲೆ ಮತ್ತೆ ತೆರೆಯಿತು. ಭ್ರಷ್ಟಾಚಾರ ಅಲ್ಲೇನೂ ಕಡಿಮೆಯಿಲ್ಲ. ಬಾಂಬು ಬೀಳುತ್ತಿರುವಾಗಲೂ "ಇದು ನಮ್ಮ ಹೆಸರಿಗೆ ಬಂದ ಕಾಗದ, ಕೊಡಿ" ಎಂದು ಕೇಳುವವರು ಅಲ್ಲಿ ಇದ್ದರು, ಕೇಳಿ ಪಡೆದರು.

ಚೀನಾದಲ್ಲಿ ಈ ನಾಟಕದ ಮುಂಭಾಗವೇ ಇಲ್ಲ. ಅಧಿಕಾರಿಗಳು ಆದಾಯದ ವರದಿ ಕೊಡಬೇಕೆಂಬ ನಿಯಮ 1995ರಲ್ಲಿ ಬಂತು. 2010ರಲ್ಲಿ ಅದಕ್ಕೆ ಮನೆ, ಹೂಡಿಕೆ, ಹೆಂಡತಿ ಮಕ್ಕಳು ವಿದೇಶದಲ್ಲಿ ನೆಲೆಸಿರುವ ವಿಷಯ ಎಲ್ಲವೂ ಸೇರಿತು. ಓದುವುದು ಪಕ್ಷ ಮಾತ್ರ. ಸಂಸಾರವನ್ನು ವಿದೇಶಕ್ಕೆ ಸಾಗಿಸಿ ತಾನೊಬ್ಬನೇ ಇಲ್ಲಿ ಕುಳಿತವನನ್ನು ಅಲ್ಲಿ "ಬೆತ್ತಲೆ ಅಧಿಕಾರಿ" ಎನ್ನುತ್ತಾರೆ. ರೆಕ್ಕೆಯ ಮಾತೇ ಇದೂ. 2012ರಲ್ಲಿ ಶಾಂಕ್ಸಿ ಪ್ರಾಂತ್ಯದ ಯಾಂಗ್ ದಾಕೈ ಎಂಬ ಅಧಿಕಾರಿ, 36 ಜನ ಸತ್ತ ಬಸ್ ಅಪಘಾತದ ಸ್ಥಳದಲ್ಲಿ ನಗುತ್ತ ನಿಂತ ಫೋಟೊ ಹರಿದಾಡಿತು. ಜನ ಅವರ ಹಳೆಯ ಫೋಟೊಗಳನ್ನು ಹುಡುಕಿ ಕೈಯಲ್ಲಿದ್ದ ಬೇರೆ ಬೇರೆ ದುಬಾರಿ ವಾಚುಗಳನ್ನು ಎಣಿಸಿದರು. ಒಬ್ಬ ಕಾಲೇಜು ವಿದ್ಯಾರ್ಥಿ ಅವರ ಸಂಬಳ ಎಷ್ಟೆಂದು ತಿಳಿಸಿ ಎಂದು ಅರ್ಜಿ ಹಾಕಿದ. ಕೊಡಲಾಗದು ಎಂಬ ಉತ್ತರ ಬಂತು. ಮುಂದೆ ಯಾಂಗ್ ಅವರಿಗೆ 14 ವರ್ಷ ಜೈಲಾಯಿತು. ಅಧಿಕಾರಿಗಳ ಆಸ್ತಿ ಬಹಿರಂಗವಾಗಲಿ ಎಂದು ಚಳವಳಿ ಕಟ್ಟಿದ ವಕೀಲ ಶು ಝಿಯೊಂಗ್ ಅವರಿಗೂ 2014ರ ಜನವರಿಯಲ್ಲಿ 4 ವರ್ಷ ಜೈಲಾಯಿತು. ಕಳ್ಳನನ್ನೂ ಶಿಕ್ಷಿಸಿದರು, ಕಳ್ಳನ ಲೆಕ್ಕ ಕೇಳುವ ಹಕ್ಕನ್ನು ಕೇಳಿದವರನ್ನೂ ಶಿಕ್ಷಿಸಿದರು. ಚುಚ್ಚಿ ನೋಡುವ ಅಧಿಕಾರ ಒಬ್ಬನದೇ ಎಂದೆನಲ್ಲ, ಅದು ಹೀಗೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ವ್ಯತ್ಯಾಸವೇನು ಎಂದು ಕೇಳಿದಿರಿ. ಉತ್ತರ ನಿಮ್ಮ ಜಿಲ್ಲೆಯಲ್ಲೇ ಇದೆ.

2019ರ ಲೋಕಸಭಾ ಚುನಾವಣೆಯಲ್ಲಿ ಹಾಸನದಿಂದ ಪ್ರಜ್ವಲ್ ರೇವಣ್ಣ ಗೆದ್ದರು. ಅವರ ಅಫಿಡವಿಟ್ಟಿನಲ್ಲಿ ಆಸ್ತಿ ವಿವರ ಸರಿಯಿಲ್ಲ ಎಂದು ಸೋತ ಅಭ್ಯರ್ಥಿಯೂ ಕ್ಷೇತ್ರದ ಒಬ್ಬ ಮತದಾರರೂ ಹೈಕೋರ್ಟಿಗೆ ಹೋದರು. 2023ರ ಸೆಪ್ಟೆಂಬರ್ 1ರಂದು ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧು ಎಂದಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಯಾರು ಸರಿ ಯಾರು ತಪ್ಪು ಎಂಬ ಚರ್ಚೆಗೆ ನಾನು ಇಲ್ಲಿ ಹೋಗುವುದಿಲ್ಲ. ಒಬ್ಬ ಮತದಾರ ಮೂಟೆಗೆ ಚುಚ್ಚಿ ಸ್ಯಾಂಪಲ್ ತೆಗೆದರು, ನ್ಯಾಯಾಲಯ ಅದನ್ನು ತೂಗಿ ನೋಡಿತು. ನಿರಂಕುಶ ದೇಶದಲ್ಲಿ ಇಲ್ಲದೇ ಇರುವುದು ಇದು. ನಾಲ್ಕು ವರ್ಷಕ್ಕೂ ಹೆಚ್ಚು ಹಿಡಿಯಿತಲ್ಲ, ಅದು ನನಗೆ ನೋವಿನ ಸಂಗತಿ. ಚುನಾವಣಾ ತಕರಾರು ಅರ್ಜಿಯನ್ನು ಫಲಿತಾಂಶದ 45 ದಿನದೊಳಗೆ ಹಾಕಬೇಕು, ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಕಾನೂನು ಹೇಳುತ್ತದೆ. ಮೊದಲನೆಯದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತೇವೆ, ಎರಡನೆಯದನ್ನು ಮರೆಯುತ್ತೇವೆ.

ಈ ಹಕ್ಕು ಎಷ್ಟು ಸುಲಭವಾಗಿ ಕೈಜಾರಬಹುದು ಎಂಬುದನ್ನೂ ಮಕ್ಕಳಿಗೆ ಹೇಳಿ. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿಯವರ ಆಯ್ಕೆಯನ್ನು ರದ್ದು ಮಾಡಿತು. ಎರಡು ವಾರದೊಳಗೆ ತುರ್ತು ಪರಿಸ್ಥಿತಿ ಬಂತು. ಆಗಸ್ಟ್‌ನಲ್ಲಿ ಸಂವಿಧಾನದ 39ನೇ ತಿದ್ದುಪಡಿ ತಂದು ಪ್ರಧಾನಿಯ ಆಯ್ಕೆಯನ್ನು ನ್ಯಾಯಾಲಯಗಳು ಮುಟ್ಟದಂತೆ ಮಾಡಲು ಹೊರಟರು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ಹೊಡೆದುಹಾಕಿತು. ಮೂರು ವರ್ಷದ ಮೇಲೆ, 1978ರಲ್ಲಿ, ನಮ್ಮ ಚಿಕ್ಕಮಗಳೂರೇ ಅವರನ್ನು ಮತ್ತೆ ಲೋಕಸಭೆಗೆ ಕಳಿಸಿತು. ಆ ಉಪಚುನಾವಣೆಯಲ್ಲಿ ನಾನು ಪಿಯುಸಿ ಹುಡುಗ. ಜೀಪುಗಳ ಧೂಳು, ರಾತ್ರಿಯ ಸಭೆಗಳು, ಊರಿಗೆ ಬಂದ ದೆಹಲಿಯ ಪತ್ರಕರ್ತರು, ಎಲ್ಲ ನೆನಪಿದೆ. ಆ ತಿದ್ದುಪಡಿಯ ಹೆಸರನ್ನು ಒಬ್ಬರಾದರೂ ಎತ್ತಿದ್ದು ನೆನಪಿಲ್ಲ.

ನಮ್ಮ ಅಫಿಡವಿಟ್ಟಿನ ಹುಟ್ಟೂ ನ್ಯಾಯಾಲಯದ್ದೇ. 2002ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಹಿನ್ನೆಲೆ ತಿಳಿಯುವುದು ಮತದಾರನ ಹಕ್ಕು ಎಂದಿತು. ಸಂಸತ್ತು ಅದನ್ನು ಮೊಟಕು ಮಾಡಲು ತಂದ ಕಲಮನ್ನು 2003ರಲ್ಲಿ ಅದೇ ನ್ಯಾಯಾಲಯ ರದ್ದು ಮಾಡಿತು. ಮುಂದೆ 2018ರಲ್ಲಿ ಆದಾಯದ ಮೂಲವನ್ನೂ ಹೇಳಬೇಕೆಂದಿತು. ಅಫಿಡವಿಟ್ಟಿನ ಈಗಿನ ಅರ್ಜಿ, ನಮೂನೆ 26ರಲ್ಲಿ ಐದು ವರ್ಷದ ಆದಾಯ ತೆರಿಗೆ ರಿಟರ್ನ್ಸ್ ಮೊತ್ತ, ಜಮೀನಿನ ಸರ್ವೆ ನಂಬರು, ವಿಸ್ತೀರ್ಣ, ಕೊಂಡ ದಿನ, ಕೊಂಡ ಬೆಲೆ, ಇವತ್ತಿನ ಅಂದಾಜು ಬೆಲೆ, ಸಾಲ, ಚಿನ್ನ ಎಲ್ಲಕ್ಕೂ ಜಾಗವಿದೆ. ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ. ಈ ಶಿಕ್ಷೆ ತೀರಾ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಇದರ ಜೊತೆಗೆ ಕರ್ನಾಟಕದ ಶಾಸಕರು ಲೋಕಾಯುಕ್ತ ಕಾಯ್ದೆಯ 22ನೇ ಕಲಮಿನಂತೆ ಪ್ರತಿ ವರ್ಷ ಜೂನ್ 30ರೊಳಗೆ ಆಸ್ತಿ ವಿವರ ಕೊಡಬೇಕು. ಎಚ್ಚರಿಸಿದರೂ ಕೊಡದವರ ಹೆಸರನ್ನು ಮೂರು ಪತ್ರಿಕೆಗಳಲ್ಲಿ ಹಾಕಬೇಕೆಂದು ಆ ಕಾಯ್ದೆಯಲ್ಲೇ ಇದೆ.

ಅಂಕಿ ಚಿಕ್ಕದು ಎಂದ ಮಾತ್ರಕ್ಕೆ ಸುಳ್ಳು ಎಂದು ನಿಮ್ಮ ವಿದ್ಯಾರ್ಥಿಗಳು ತೀರ್ಮಾನಿಸಬಾರದು. ಮಲೆನಾಡಿನ ಅಭ್ಯರ್ಥಿಯ ಅಫಿಡವಿಟ್ಟನ್ನು ಓದುವಾಗ ಈ ತಪ್ಪು ಬಹಳ ಆಗುತ್ತದೆ. ಐವತ್ತು ಎಕರೆ ತೋಟ ಇದ್ದವರ ರಿಟರ್ನ್ಸ್‌ನಲ್ಲಿ ಸಣ್ಣ ಮೊತ್ತ ಕಂಡು ಪೇಟೆಯವರು ಹುಬ್ಬೇರಿಸುತ್ತಾರೆ. ಚೆರಿಯನ್ನೋ ಪಾರ್ಚ್‌ಮೆಂಟನ್ನೋ (ಹೊರಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ) ಹಾಗೆಯೇ ಮಾರಿದರೆ ಅದು ಕೃಷಿ ಆದಾಯ, ಕೇಂದ್ರದ ಆದಾಯ ತೆರಿಗೆ ಇಲ್ಲ. ಬೆಳೆದವರೇ ಕ್ಯೂರಿಂಗ್ ಮಾಡಿಸಿ, ಅಂದರೆ ಸಿಪ್ಪೆ ತೆಗೆಸಿ ಬೀಜ ಹಸನು ಮಾಡಿಸಿ, ಮಾರಿದರೆ ಆ ಆದಾಯದ ಶೇ 25ರಷ್ಟು ಮಾತ್ರ ತೆರಿಗೆಯ ಲೆಕ್ಕಕ್ಕೆ, ಹುರಿದು ಪುಡಿ ಮಾಡಿ ಮಾರಿದರೆ ಶೇ 40ರಷ್ಟು. ಹಾಗಾಗಿ ಪ್ರಾಮಾಣಿಕ ಬೆಳೆಗಾರನ ತೆರಿಗೆ ಮೊತ್ತವೂ ಚಿಕ್ಕದಾಗಿಯೇ ಕಾಣುತ್ತದೆ. ಅನುಮಾನ ಪಡಬೇಕಾದ ಜಾಗಗಳು ಬೇರೆ. ತೋಟದ ಇವತ್ತಿನ ಬೆಲೆ ಎಂದು ಸರ್ಕಾರದ ಮಾರ್ಗಸೂಚಿ ದರವನ್ನಷ್ಟೇ ಬರೆದಿದ್ದಾರಾ? ಕಳೆದ ಸಲ ಇದ್ದ ಸರ್ವೆ ನಂಬರು ಈ ಸಲ ಎಲ್ಲಿ ಹೋಯಿತು? ಮಾರಿದ್ದರೆ ಬಂದ ದುಡ್ಡು ಬ್ಯಾಂಕಿನ ಕಾಲಮ್ಮಿನಲ್ಲಿ ಎಲ್ಲಾದರೂ ಕಾಣುತ್ತದಾ? ಸಂಬಂಧಿಕರಿಗೆ ಕೊಟ್ಟ ಸಾಲ, ಸಂಬಂಧಿಕರಿಂದ ಪಡೆದ ಸಾಲ ಎಷ್ಟು? ನಮ್ಮಲ್ಲೂ ಅಣ್ಣತಮ್ಮಂದಿರ ಆಸ್ತಿ ಘೋಷಣೆಯ ಹೊರಗೇ ಉಳಿಯುತ್ತದೆ. ಮಾಸ್ಕೋದಲ್ಲಿ ಕಂಡ ಕಿಂಡಿ ಮೂಡಿಗೆರೆಯಲ್ಲೂ ಇದೆ.

ಸನ್ನೆಗಳೂ ಇವೆ. ಸ್ವಂತ ಕಾರಿಲ್ಲ ಎಂದು ಬರೆದು ಸಭೆಯಲ್ಲಿ ಅದನ್ನೇ ಹೇಳಿಕೊಳ್ಳುವವರು, ಆಸ್ತಿಯನ್ನು ಧಾರಾಳವಾಗಿ ತೋರಿಸಿ ಟಿಕೆಟ್ ಕೊಡುವವರಿಗೆ "ಖರ್ಚು ನಾನೇ ನೋಡಿಕೊಳ್ಳುತ್ತೇನೆ" ಎಂದು ತಿಳಿಸುವವರು, ಇಬ್ಬರನ್ನೂ ನಾವು ಕಂಡಿದ್ದೇವೆ. ಈ ಎರಡನೆಯದರ ಬಗ್ಗೆ ನನಗೆ ನಿಜವಾದ ಆತಂಕವಿದೆ. ಯಾಕೆಂದರೆ ಆ ಅಂಕಿಯನ್ನು ಮೊದಲು ಓದುವುದು ಮತದಾರ ಅಲ್ಲ, ಪಕ್ಷದ ಕಚೇರಿ. ಕಾಗದ ಕೆಳಗೆ ಬರುವ ಬದಲು ಮೇಲಕ್ಕೆ ಹೋಗಲು ಶುರುವಾಗುವುದು ಹೀಗೇ. ಅದಕ್ಕೆ ನಿರಂಕುಶ ಪ್ರಭುತ್ವವೇ ಬೇಕೆಂದಿಲ್ಲ. ನಾವು ಓದುವುದನ್ನು ಬಿಟ್ಟರೂ ಸಾಕು.

ಫ್ಲೋರಿಡಾದ ದಾಖಲೆ ನೆನಪಿಟ್ಟುಕೊಳ್ಳಿ ಎಂದಿದ್ದೆ. ಅಂಥದ್ದು ನಮ್ಮಲ್ಲೂ ಇದೆ, ಪಹಣಿ. ರಷ್ಯಾದಲ್ಲಿ 2023ರಿಂದ ಮುಚ್ಚಿದ ಬಾಗಿಲು ಕರ್ನಾಟಕದಲ್ಲಿ ತೆರೆದಿದೆ. ಭೂಮಿ ತಂತ್ರಾಂಶದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು ಹಾಕಿದರೆ ಮಾಲೀಕರ ಹೆಸರೂ ಎಕರೆ ಗುಂಟೆಯೂ ಯಾರಿಗೆ ಬೇಕಾದರೂ ಕಾಣುತ್ತದೆ. ಆ ಹುಡುಗಿಗೆ ಒಂದು ಕೆಲಸ ಕೊಡಿ. ಚುನಾವಣಾ ಆಯೋಗದ ಜಾಲತಾಣದಿಂದ ನಿಮ್ಮ ಕ್ಷೇತ್ರದ ಒಬ್ಬರೇ ಅಭ್ಯರ್ಥಿಯ 2018ರ ಮತ್ತು 2023ರ ಅಫಿಡವಿಟ್ ಇಳಿಸಿಕೊಳ್ಳಲಿ. ಯಾವ ಪಕ್ಷದವರಾದರೂ ಸರಿ, ಬೇಕಾದರೆ ಎರಡು ಪಕ್ಷದ ಇಬ್ಬರನ್ನು ತೆಗೆದುಕೊಳ್ಳಲಿ. ಎರಡರಲ್ಲೂ ಇರುವ ಸರ್ವೆ ನಂಬರುಗಳನ್ನು ಪಕ್ಕ ಪಕ್ಕ ಬರೆದು, ಒಂದೊಂದರ ಪಹಣಿ ತೆಗೆದು, ಹೆಸರು ಮತ್ತು ವಿಸ್ತೀರ್ಣ ತಾಳೆಯಾಗುತ್ತದೆಯೇ ನೋಡಲಿ. ತಾಳೆಯಾದರೆ ಅದನ್ನೂ ಬರೆದುಕೊಳ್ಳಲಿ. ಅರ್ಧ ದಿನದ ಕೆಲಸ. ಪಹಣಿಯ ಕಾಲಮ್ಮುಗಳು ಮೊದಮೊದಲು ಗೊಂದಲ ಹುಟ್ಟಿಸುತ್ತವೆ; ತೋಟದ ಲೆಕ್ಕ ನೋಡಿಕೊಳ್ಳುವ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಇಲ್ಲವಾದರೆ ನನಗೆ ಬರೆಯಿರಿ, ಯಾವುದಾದರೂ ಶನಿವಾರ ಸಕಲೇಶಪುರಕ್ಕೆ ನಾನೇ ಬರುತ್ತೇನೆ.